ಒಂದೇ ಹಾರಾಟ, ಎರಡು ಸೂರ್ಯೋದಯ

ಎರಡು ಏರ್‌ಪೋರ್ಟ್‌ಗಳ ಹೆಸರು ಫೋನಿನಲ್ಲಿ ಹಾಕಿದರೆ ಸಾಕು, ಇಷ್ಟು ಕಿಲೋಮೀಟರ್, ಇಷ್ಟು ಗಂಟೆ ಅಂತ ಬಂದುಬಿಡುತ್ತೆ. ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್‌ಗೆ ಸುಮಾರು 14,500 ಕಿ.ಮೀ. 2018ರ ಮಾರ್ಚ್‌ನಲ್ಲಿ ಕ್ವಾಂಟಾಸ್ ಕಂಪನಿ ಇಲ್ಲಿ ನೇರ ವಿಮಾನ ಶುರು ಮಾಡಿತು. ಸುಮಾರು 17 ಗಂಟೆ. "ಅಯ್ಯೋ, ಅಷ್ಟು ಹೊತ್ತಾ?" ಅಂತ ನನಗೂ ಅನ್ನಿಸಿತ್ತು.

ಆದರೆ ಇದೇ ಪರ್ತ್‌ನಿಂದ, ಇದೇ ಕಂಪನಿಯ ವಿಮಾನ ಒಮ್ಮೆ ಬರೀ 5,600 ಚಿಲ್ಲರೆ ಕಿಲೋಮೀಟರ್ ಹೋಗೋಕೆ 32 ಗಂಟೆ 9 ನಿಮಿಷ ತೆಗೆದುಕೊಂಡಿತ್ತು. ಮಧ್ಯೆ ಎಲ್ಲೂ ಇಳಿಯದೆ! ಇವತ್ತಿನ ಕಥೆ ಅದೇ.

1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನ್ ಕೈಸೇರಿತು. ಆಸ್ಟ್ರೇಲಿಯಾದಿಂದ ಬ್ರಿಟನ್‌ಗೆ ಹೋಗುವ ವಿಮಾನ ಮಾರ್ಗ ಅಲ್ಲೇ ತುಂಡಾಯಿತು. ಉಳಿದ ದಾರಿ ಒಂದೇ: ಹಿಂದೂ ಮಹಾಸಾಗರವನ್ನು ಒಂದೇ ಹಾರಾಟದಲ್ಲಿ ದಾಟಿ ಸಿಲೋನ್, ಅಂದರೆ ಇವತ್ತಿನ ಶ್ರೀಲಂಕಾ ಸೇರೋದು. ಅಲ್ಲಿ ಗಾಲೆ ಹತ್ತಿರದ ಕೊಗ್ಗಲ ಕೆರೆಯೇ ಏರ್‌ಪೋರ್ಟ್. ಯಾಕಂದ್ರೆ ಬಳಸಿದ್ದು ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನ. ಪರ್ತ್‌ನಲ್ಲಿ ಸ್ವಾನ್ ನದಿಯಿಂದಲೇ ಹಾರುತ್ತಿತ್ತು.

ನಾನು ಕಾಮರ್ಸ್ ಓದಿದವನು, ಲೆಕ್ಕದ ಕಡೆಗೇ ಕಣ್ಣು ಹೋಗುತ್ತೆ. ಕ್ಯಾಟಲೀನಾದ ವೇಗ ಗಂಟೆಗೆ ಸುಮಾರು 200 ಕಿ.ಮೀ. ಅಷ್ಟು ದೂರಕ್ಕೆ ಬೇಕಾದ ಇಂಧನ ತುಂಬಿದರೆ ಬೇರೆ ಯಾವುದಕ್ಕೂ ಜಾಗ ಇಲ್ಲ. ಒಳಗಿನ ಸಾಮಾನು ಕಿತ್ತು ಭಾರ ಇಳಿಸಿದರು. ಬಂದೂಕೂ ಇಲ್ಲ. ಕೊನೆಗೆ ಉಳಿದಿದ್ದು ಮೂರೇ ಪ್ರಯಾಣಿಕರಿಗೆ ಮತ್ತು 70 ಕೆಜಿಯಷ್ಟು ಟಪಾಲಿಗೆ ಜಾಗ. ಒಂದು ಪತ್ರ ಹೆಚ್ಚಾದರೂ ಅದರ ಭಾರಕ್ಕೆ ಲೆಕ್ಕ.

ಅಪಾಯ ಏನಪ್ಪಾ ಅಂದ್ರೆ, ಟ್ಯಾಂಕ್ ತುಂಬಿದ್ದ ಮೊದಲ ಕೆಲವು ಗಂಟೆಗಳಲ್ಲಿ ಒಂದು ಎಂಜಿನ್ ಕೈಕೊಟ್ಟರೂ ವಿಮಾನ ಮೇಲೆ ನಿಲ್ಲೋದು ಕಷ್ಟ. ಜಪಾನಿ ವಿಮಾನಗಳು ಗಸ್ತು ತಿರುಗುವ ಭಾಗವನ್ನು ಕತ್ತಲಲ್ಲೇ ದಾಟಬೇಕು. ಸಿಬ್ಬಂದಿ ರೇಡಿಯೋದಲ್ಲಿ ಹವಾಮಾನ ವರದಿ ಕೇಳಿಸಿಕೊಳ್ಳುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ. ಮಾತಾಡಿದರೆ ಶತ್ರುಗೆ ಜಾಗ ಗೊತ್ತಾಗುತ್ತೆ. ದಾರಿಗೆ ನಕ್ಷತ್ರಗಳೇ ಗತಿ. ಅಂದರೆ ಒಂದು ದಿನಕ್ಕೂ ಹೆಚ್ಚು ಕಾಲ, ಹೊರಟವರು ಇದ್ದಾರಾ ಇಲ್ವಾ ಅನ್ನೋದೇ ನೆಲದ ಮೇಲಿದ್ದವರಿಗೆ ತಿಳಿಯುತ್ತಿರಲಿಲ್ಲ. ಲೈವ್ ಟ್ರ್ಯಾಕಿಂಗ್ ನೋಡುವ ನಮಗೆ ಆ ಕಾಯುವಿಕೆ ಊಹಿಸೋದೂ ಕಷ್ಟ.

ಒಂದೇ ಹಾರಾಟದಲ್ಲಿ ಎರಡು ಸಲ ಸೂರ್ಯ ಹುಟ್ಟೋದು ಕಾಣುತ್ತಿತ್ತು. ಅದಕ್ಕೇ ಇದಕ್ಕೆ 'ಡಬಲ್ ಸನ್‌ರೈಸ್' ಅನ್ನೋ ಹೆಸರು ಬಂತು. ಪ್ರಯಾಣಿಕರಿಗೆ 'ಸೀಕ್ರೆಟ್ ಆರ್ಡರ್ ಆಫ್ ದಿ ಡಬಲ್ ಸನ್‌ರೈಸ್' ಅಂತ ಒಂದು ಪ್ರಮಾಣಪತ್ರವನ್ನೂ ಕೊಡುತ್ತಿದ್ದರು.

1943ರಿಂದ 1945ರವರೆಗೆ ಕ್ಯಾಟಲೀನಾಗಳು 271 ಸಲ ಈ ಸಾಗರ ದಾಟಿದವು. ಒಂದು ಜೀವವೂ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಆ ವಿಮಾನಗಳನ್ನು ಇಟ್ಟುಕೊಳ್ಳಲಿಲ್ಲ, ಸಮುದ್ರದಲ್ಲೇ ಮುಳುಗಿಸಿಬಿಟ್ಟರು. ಹಾಗಾಗಿ ನೋಡೋಣ ಅಂದ್ರೆ ಮ್ಯೂಸಿಯಂನಲ್ಲೂ ಅವು ಸಿಗಲ್ಲ.

ಪರ್ತ್‌ಗೂ ಕೊಗ್ಗಲಕ್ಕೂ ನಡುವಿನ ದೂರ ಅವತ್ತು ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಗಂಟೆಗಳು ಮಾತ್ರ ಕಮ್ಮಿಯಾಗಿವೆ, ಜೊತೆಗೆ ಆ ಭಯವೂ. ಮುಂದಿನ ಸಲ ಫೋನಿನಲ್ಲಿ '17 ಗಂಟೆ' ಅಂತ ನೋಡಿ ನಿಟ್ಟುಸಿರು ಬಿಡುವ ಮೊದಲು, ಉತ್ತರ ಕೊಡದ ಆ ರೇಡಿಯೋ ಮುಂದೆ ಕೂತಿದ್ದವರನ್ನು ಒಮ್ಮೆ ನೆನೆಸಿಕೊಳ್ಳಿ. ಮುಂದಿನ ವಾರ ಸಿಗೋಣ.