ರೋಡು ಯಾರದ್ದು? | ಸೈಕಲ್ ಕಥೆಗಳು, ಭಾಗ 4

ನೀವು ಎಡಗಡೆ ನಿಮ್ಮ ಪಾಡಿಗೆ ಸೈಕಲ್ ತುಳೀತಾ ಇರ್ತೀರ. ಹಿಂದಿನ ಕಾರಿನವನು ಹಾರ್ನ್ ಒತ್ತಿ, "ರೋಡೇನು ನಿಮ್ಮಪ್ಪಂದಾ?" ಅಂತಾನೆ. ಈ ಜಗಳ ಹೊಸದಲ್ಲ ಕಣ್ರೀ.

1879, ಇಂಗ್ಲೆಂಡ್. ಲಂಡನ್ನಿನ ಮಸ್ವೆಲ್ ಹಿಲ್‌ನಲ್ಲಿ ಒಬ್ಬ ಸೈಕಲನ್ನ ಯದ್ವಾತದ್ವಾ ಓಡಿಸಿ ಸಿಕ್ಕಿಬಿದ್ದ. ಅವನ ಪರ ವಾದ ಏನು ಗೊತ್ತಾ? "ವೇಗದ ಕಾನೂನು 1835ರದ್ದು, ಅದರಲ್ಲಿರೋದು ಗಾಡಿ ಅನ್ನೋ ಪದ. ಆಗ ಇಂಥ ಸೈಕಲ್ಲೇ ಇರಲಿಲ್ಲ. ಹಾಗಾಗಿ ಇದು ಗಾಡಿ ಅಲ್ಲ!"

ಕೋರ್ಟ್ ಒಪ್ಪಲಿಲ್ಲ. ಮನುಷ್ಯನನ್ನ ಹೊತ್ತು ಸಾಗುತ್ತೆ ಅಂದ್ಮೇಲೆ ಅದೂ ಗಾಡಿನೇ ಅಂತು. ಸವಾರ ಸೋತ. ಟೇಲರ್ ವರ್ಸಸ್ ಗುಡ್ವಿನ್ ಅನ್ನೋ ಈ ಕೇಸಿನ ಮಜಾ ಇರೋದೇ ಇಲ್ಲಿ: ಗಾಡಿ ಅಂದ್ಮೇಲೆ ರಸ್ತೆಯಲ್ಲಿ ಜಾಗವೂ ಇರಬೇಕಲ್ವಾ?

1888ರಲ್ಲಿ ಪಾರ್ಲಿಮೆಂಟೇ ಸೈಕಲ್ಲನ್ನ ಗಾಡಿ ಅಂತ ಘೋಷಿಸ್ತು. ಸ್ಥಳೀಯ ಆಡಳಿತಗಳಿಗೆ ಸೈಕಲ್ ಮೇಲೆ ತಮ್ಮದೇ ನಿಯಮ ಹೇರೋಕೆ ಇದ್ದ ಅಧಿಕಾರವನ್ನೂ ತೆಗೀತು. ಆದ್ರೆ ಅದೇ ಕಲಮಿನಲ್ಲಿ ಎರಡು ಷರತ್ತು: ಕತ್ತಲಾದ್ಮೇಲೆ ದೀಪ ಇರಲೇಬೇಕು, ಯಾರನ್ನಾದ್ರೂ ದಾಟುವಾಗ ಬೆಲ್ಲೋ ಸೀಟಿಯೋ ಬಾರಿಸಿ ಎಚ್ಚರಿಸಬೇಕು.

ಹಕ್ಕು, ಹೊಣೆ ಎರಡೂ ಒಂದೇ ಕಲಮಿನಲ್ಲಿ ಹುಟ್ಟಿದ ಅವಳಿಗಳು.

ನಮ್ಮಲ್ಲೂ ನೋಡಿ, 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ತುಳಿಯೋ ಸೈಕಲ್ಲು ಮೋಟಾರು ವಾಹನ ಅಲ್ಲ. ಡಿಎಲ್ ಬೇಡ, ಆರ್‌ಸಿ ಬೇಡ. ಹಾಗಂತ ಸಿಗ್ನಲ್ ಜಂಪ್ ಮಾಡಿ, ರಾಂಗ್ ಸೈಡಲ್ಲಿ ನುಗ್ಗಿ, "ನಂದು ಬರೀ ಸೈಕಲ್ಲು" ಅಂದ್ರೆ? 1879ರ ಆ ಸವಾರನ ವಾದವೇ ಅದು. ಅವನು ಸೋತಿದ್ದಾನೆ.

ರಸ್ತೆ ನಿಮ್ಮದೂ ಹೌದು. ಇವತ್ತು ಸಂಜೆ ಹೊರಡೋ ಮುಂಚೆ ಲೈಟ್ ಒಮ್ಮೆ ಚೆಕ್ ಮಾಡಿ.