ಸಕಲೇಶಪುರ–ಆಲೂರು ಸೀಮೆ: ನೆರೆ ಮತ್ತು ಬರ

ಹಾಸನ ಜಿಲ್ಲೆಯ ಪಶ್ಚಿಮದ ಈ ಎರಡು ತಾಲ್ಲೂಕುಗಳ ಜನ ಅತಿಮಳೆಯಿಂದಲೂ ಮಳೆ ಕೈಕೊಟ್ಟಿದ್ದರಿಂದಲೂ ಪಟ್ಟ ಪಾಡಿನ ಇತಿಹಾಸ. ಸಾವಿನ ಲೆಕ್ಕವೊಂದನ್ನೇ ಹಿಡಿದರೆ ಇದು ಚಿಕ್ಕದಾಗಿ ಕಾಣುತ್ತದೆ. ಇಲ್ಲಿ ಹೋದದ್ದು ಹೆಚ್ಚಾಗಿ ಜಮೀನು, ಫಸಲು, ಕೂಲಿ.

1876–78ರ ಧಾತು–ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಲಕ್ಷಾಂತರ ಜನರನ್ನು ಕಳೆದುಕೊಂಡಿತು. 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ಕ್ಕೆ 41,86,188ಕ್ಕೆ ಇಳಿಯಿತು. ಆ ಬರದ ಕಥನವೆಲ್ಲ ಬಹುಮಟ್ಟಿಗೆ ಬಯಲುಸೀಮೆಯದು. ಮಂಜರಾಬಾದ್ ಎನಿಸಿಕೊಂಡಿದ್ದ ಸಕಲೇಶಪುರ ಸೀಮೆಗೆ ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು: 1860ರ ದಶಕದಲ್ಲಿ ನೆರಳು ಕಡಿದ ಕಾಫಿ ತೋಟಗಳಿಗೆ ಕಾಂಡಕೊರಕ ನುಗ್ಗಿ ಗಿಡಗಳನ್ನು ಒಣಗಿಸಿತು. ಮರದ ನೆರಳಿನಲ್ಲಿ ಕಾಫಿ ಬೆಳೆಯುವ ಪದ್ಧತಿ ಗಟ್ಟಿಯಾದದ್ದು ಆ ನಂತರ.

1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಜಲಾಶಯ ಪೂರ್ಣಗೊಂಡಿತು. ಮಳೆಗಾಲದ ನೀರು ಬಯಲಿನ ನಾಲೆಗಳಿಗೆ ಹರಿಯಿತು. ಹಿನ್ನೀರಿನಲ್ಲಿ ಈ ಸೀಮೆಯ ಗದ್ದೆ, ಊರುಗಳು ಮುಳುಗಿದವು.

2018ರ ಆಗಸ್ಟ್ ನಿಜವಾದ ತಿರುವು. ಪಕ್ಕದ ಕೊಡಗಿನಲ್ಲಿ ಗುಡ್ಡಗಳು ಜರಿದ ದಿನಗಳಲ್ಲೇ ಇಲ್ಲಿಯೂ ಧರೆ ಕುಸಿಯಿತು. ಶಿರಾಡಿ ಘಾಟಿಯ ಹೆದ್ದಾರಿ ಮುಚ್ಚಿತು, ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ ರೈಲು ವಾರಗಟ್ಟಲೆ ನಿಂತಿತು. 2024ರ ಜುಲೈನಲ್ಲಿ ಹೆದ್ದಾರಿ ದೊಡ್ಡತಪ್ಪಲು ಬಳಿ, ಹಳಿ ಎಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಮಣ್ಣಿಗೆ ಸಿಕ್ಕಿತು. ಸುದ್ದಿಯಾಗುವುದು ರಸ್ತೆ ಮತ್ತು ರೈಲು. ಮಳೆ ಹಿಡಿದ ವಾರಗಳಲ್ಲಿ ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರಿಗೆ ಕೆಲಸವಿಲ್ಲ, ಕೂಲಿಯೂ ಇಲ್ಲ. ಕೊಳೆರೋಗ ತಗುಲಿದ ಹಸಿಗಾಯಿ ಗಿಡದ ಬುಡದಲ್ಲಿ ಕಪ್ಪಾಗಿ ಬಿದ್ದಿರುತ್ತದೆ. ಇದಾವುದೂ ಸುದ್ದಿಗೆ ಸಿಗದು.

ಪರಿಹಾರದ ನಿಯಮವೂ ಈ ನಷ್ಟವನ್ನು ಅರ್ಧವೇ ಕಾಣುತ್ತದೆ. 2022–26ರ ಕೇಂದ್ರ ಮಾನದಂಡದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಶೇ 33ಕ್ಕಿಂತ ಕಡಿಮೆಯಿಲ್ಲದ ನಷ್ಟಕ್ಕೆ, 2 ಹೆಕ್ಟೇರ್ ಮಿತಿಯಲ್ಲಿ. ಕುಸಿತದಲ್ಲಿ ಜಮೀನೇ ಹೋದರೆ ಹೆಕ್ಟೇರಿಗೆ 47,000 ರೂಪಾಯಿ. ಆದರೆ ಕಂದಾಯ ದಾಖಲೆಯಲ್ಲಿ ಹೆಸರಿರುವ ಸಣ್ಣ, ಅತಿಸಣ್ಣ ರೈತರಿಗೆ ಮಾತ್ರ. ಪಹಣಿಯಿಲ್ಲದೆ ತಲೆಮಾರುಗಳಿಂದ ಉಳುತ್ತಿರುವವರು ಈ ಲೆಕ್ಕದಿಂದ ಹೊರಗೆ.

ಬರದ್ದು ಇನ್ನೂ ಸೂಕ್ಷ್ಮ. ಬರಪೀಡಿತ ತಾಲ್ಲೂಕಿನ ಘೋಷಣೆ ಮುಂಗಾರು, ಹಿಂಗಾರು ಹಂಗಾಮಿನ ಲೆಕ್ಕದಲ್ಲಿ ನಡೆಯುತ್ತದೆ. ಕಾಫಿಯ ಹಣೆಬರಹ ತೀರ್ಮಾನವಾಗುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಹೂಮಳೆ ಮತ್ತು ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆಯಲ್ಲಿ. ಅರಳಿದ ಹೂವು ಕಾಯಿ ಕಟ್ಟದೆ ಒಣಗಿದರೆ ಜೂನ್‌ನ ಧಾರಾಕಾರ ಮಳೆ ಅದನ್ನು ಹಿಂದಿರುಗಿಸದು. ಅಂಥ ವರ್ಷದ ಮಳೆಮಾಪನ ಒಟ್ಟಾರೆ ಸಮೃದ್ಧಿಯನ್ನೇ ತೋರಿಸಬಹುದು.

ಸದ್ಯದ ದೊಡ್ಡ ತಕರಾರು ಎತ್ತಿನಹೊಳೆಯದು. ಸಕಲೇಶಪುರದ ಹಳ್ಳಗಳಿಗೆ ಒಡ್ಡು ಕಟ್ಟಿ ಮಳೆಗಾಲದ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದಂಥ ಬರಪೀಡಿತ ಜಿಲ್ಲೆಗಳಿಗೆ ಒಯ್ಯುವ ಈ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಚಾಲನೆಗೊಂಡಿತು. ಯೋಜನೆ ಲೆಕ್ಕ ಹಾಕಿರುವುದು 24.01 ಟಿಎಂಸಿ ನೀರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡದ ಅಂದಾಜು 9.55 ಟಿಎಂಸಿ. ಎರಡರ ನಡುವಿನ ಅಂತರ ಕೋಲಾರದ ಬಾಯಾರಿಕೆಯ ಪ್ರಶ್ನೆಯಾದಷ್ಟೇ, ಒಡ್ಡುಗಳ ಕೆಳಗೆ ಹಳ್ಳದ ನೀರನ್ನೇ ನಂಬಿ ಬದುಕುವವರ ಪ್ರಶ್ನೆಯೂ ಹೌದು.