ಮರಕೈಬೊ ದಂಡೆಯ ಹಳ್ಳಿಗಳು

ಮೆಂಡಲನ ಬಟಾಣಿ ಗಿಡದ ಪಾಠ ಮುಗಿದ ಮೇಲೆ ನಮ್ಮ ಶಾಲೆಯ ಹತ್ತನೇ ತರಗತಿಗೆ ನಾನು ತಪ್ಪದೆ ಹೇಳುತ್ತಿದ್ದುದು ಅಮೆರಿಕದ ವಿಜ್ಞಾನಿ ನ್ಯಾನ್ಸಿ ವೆಕ್ಸ್ಲರ್ ಅವರ ಸಂಗತಿ. ಪಠ್ಯದಲ್ಲಿ ಇರಲಿಲ್ಲ, ಆದರೂ ಹೇಳುತ್ತಿದ್ದೆ.

1968ರಲ್ಲಿ ಅವರ ತಾಯಿಗೆ ಹಂಟಿಂಗ್ಟನ್ ಕಾಯಿಲೆ ಇರುವುದು ಗೊತ್ತಾಯಿತು. ಮಿದುಳಿನ ನರಕೋಶಗಳು ಸಾಯುತ್ತಾ ಹೋಗಿ, ಕೈಕಾಲು ಹಿಡಿತ ತಪ್ಪಿ, ಬುದ್ಧಿಯೂ ಮಂಕಾಗುವ ರೋಗ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ನ್ಯಾನ್ಸಿಗೂ ಅಷ್ಟೇ.

ಅವರು ಓದಿದ್ದು ಮನಶ್ಶಾಸ್ತ್ರ. ಆದರೆ 1979ರಲ್ಲಿ ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಮೀನುಗಾರರ ಹಳ್ಳಿಗಳಿಗೆ ಹೋದರು. ಅಲ್ಲಿ ಈ ರೋಗ ತಲೆಮಾರುಗಳಿಂದ ಮನೆಮನೆಯಲ್ಲಿತ್ತು. ಆಮೇಲೆ ವರ್ಷವರ್ಷವೂ ತಂಡ ಕಟ್ಟಿಕೊಂಡು ಹೋಗಿ 18,000ಕ್ಕೂ ಹೆಚ್ಚು ಜನರ ವಂಶವೃಕ್ಷ ಬರೆದರು. (ನಮ್ಮೂರಿನಲ್ಲಿ ಮೂರು ತಲೆಮಾರಿನ ಹೆಸರು ಬರೆಸುವುದೇ ಕಷ್ಟ!) ಜನ ರಕ್ತ ಕೊಡಲು ಹಿಂಜರಿದಾಗ, ತಮ್ಮ ತಾಯಿಗೂ ಇದೇ ರೋಗ, ತಾವೂ ಮಾದರಿ ಕೊಟ್ಟಿದ್ದೇವೆ ಎಂದು ತೋಳಿನ ಮೇಲಿನ ಗುರುತು ತೋರಿಸಿದರು.

ಆ ರಕ್ತದ ನೆರವಿನಿಂದಲೇ 1983ರಲ್ಲಿ ಜೇಮ್ಸ್ ಗುಸೆಲ್ಲಾ ಅವರ ತಂಡ ರೋಗದ ಜೀನ್ ನಾಲ್ಕನೇ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿತು. ಜೀನ್ ಕೈಗೆ ಸಿಗಲು ಮತ್ತೆ ಹತ್ತು ವರ್ಷ ಹಿಡಿಯಿತು. ಅದರೊಳಗೆ ಸಿಎಜಿ ಎಂಬ ಮೂರಕ್ಷರ ಎಲ್ಲರಲ್ಲೂ ಹಲವು ಬಾರಿ ಮರುಕಳಿಸುತ್ತದೆ. 40 ಬಾರಿ ಅಥವಾ ಅದಕ್ಕಿಂತ ಹೆಚ್ಚಾದರೆ ರೋಗ ಬರುತ್ತದೆ. ಎಣಿಸಿ ಮುಂಚೆಯೇ ಹೇಳಬಹುದು, ಗುಣಪಡಿಸುವ ಔಷಧ ಮಾತ್ರ ಇನ್ನೂ ಇಲ್ಲ.

ವಿಜ್ಞಾನಿಗಳ ಹೆಸರು ಪುಸ್ತಕದಲ್ಲಿ ಉಳಿಯಿತು. ರಕ್ತ ಕೊಟ್ಟ ಬಡ ಮೀನುಗಾರರ ಹೆಸರು ಯಾರಿಗೂ ತಿಳಿಯದು. ಇದು ನನಗೆ ಇಂದಿಗೂ ಸರಿಯೆನಿಸಿಲ್ಲ.

ಪರೀಕ್ಷೆಗೆ ದಾರಿ ಮಾಡಿಕೊಟ್ಟ ನ್ಯಾನ್ಸಿ ತಮ್ಮ ವಿಷಯವನ್ನು ಬಹುಕಾಲ ಹೇಳಲಿಲ್ಲ. ತಮಗೂ ಆ ರೋಗ ಬಂದಿದೆ ಎಂದು 2020ರಲ್ಲಿ ಬಹಿರಂಗವಾಗಿ ತಿಳಿಸಿದರು.